ಕೇಶತೈಲವೂ ಕಥಾಸರಸ್ವತಿಯೂ

ಕಾವ್ಯದಿಂದಾಗುವ ಪ್ರಯೋಜನಗಳನ್ನು ಎಣಿಸುವಾಗ ಮಮ್ಮಟಾಚಾರ್ಯನು ಯಶಸ್ಸಿನ ಬೆನ್ನಿಗೇ ಧನವನ್ನೂ ಹೇಳಿರುವನು. ಶ್ರೀಹರ್ಷಾದಿ ಪ್ರಭುಗಳಿಂದ ಧಾವಕನೇ ಮೊದಲಾದವರಿಗೆ ದ್ರವ್ಯಲಾಭವಾಯಿತೆಂಬ ನಿದರ್ಶನವನ್ನೂ ಅವನೇ ಕೊಟ್ಟಿರುವನು. ಕವಿಯು ಹಣವನ್ನು ಮುಟ್ಟಿದ ಮಾತ್ರಕ್ಕೆ ಸರಸ್ವತಿಗೆ ಮೈಲಿಗೆಯಾಗುವುದೆಂದು ಆ ಆಲಂಕಾರಿಕರು ಭಾವಿಸಲಿಲ್ಲ. ವಾಣಿಜ್ಯದಿಂದ ಕಲೆಗೆ ಒದಗುತ್ತಿರುವ ವಿಪತ್ತನ್ನು ಕುರಿತು ಈಗ ಬಹುಮಂದಿ ಬರೆಯುತ್ತಿರುವರು. ಅವರಲ್ಲಿ ಹಲವರು ಈ ಮೊದಲನೆಯ ಮಾತನ್ನೇ ಮರೆತು, ಹಣವೆಂಬ ಶಬ್ದವು ಕಿವಿಗೆ ಬಿದ್ದೊಡನೆ ಮೂಗು ಮುರಿಯುವುದರಿಂದ, ಅವರ ವಾದವು ಆರಂಭದಲ್ಲಿಯೇ ಬಲಗುಂದುವುದು.

ಅದೇ ಗ್ರಂಥದಲ್ಲಿ ಇನ್ನೊಂದು ವಿಚಾರವೂ ಉಂಟು. ವೇದವು ಪ್ರಭುವಿನಂತೆ ಆಜ್ಞಾಪಿಸುವುದು. ಪುರಾಣೇತಿಹಾಸಗಳು ಮಿತ್ರನಂತೆ ಹಿತವನ್ನು ಹೇಳುವುವು. ಕಾವ್ಯವಾದರೋ ಕಾಂತೆಯಂತೆ, ಇದು ಉಪದೇಶವೆಂದು ತೋರಗೊಡದೆಯೇ, ಕೇಳುವವನ ಮನಸ್ಸನ್ನು ತನ್ನ ಕಡೆಗೆ ತಿರುಗಿಸಿಕೊಳ್ಳುವುದು. ಪ್ರಭುಸಮ್ಮಿತ, ಸುಹೃತ್ಸಮ್ಮಿತ, ಕಾಂತಾಸಮ್ಮಿತಗಳೆಂದು ಪಾಠಶಾಲೆಯಲ್ಲಿ ನಾವು ಬಾಯಿಪಾಠ ಮಾಡಿದ ಮಾತುಗಳಿವು. ಈ ಮೂರನೆಯ ಶಕ್ತಿಯು ಕವಿಗಳ ಸೊತ್ತೆಂದೇ ಬಹುಕಾಲ ನಡೆದುಬಂದಿತು. ಸರಕನ್ನು ಮಾರುವವರ ಕೈಗೆ ಅದು ಹೇಗೆ ಸೇರಿತು; ಸೇರಿದ ಮೇಲೆ, ಸ್ವತಂತ್ರವಾಗಿ ಬರೆಯಬೇಕು, ಹಾಡಬೇಕು, ಆಡಬೇಕು ಎನ್ನುವವರು ಏನೇನು ಮಾಡಿದರು ಎಂಬುದನ್ನು ಕೆಲವು ನಿದರ್ಶನಗಳಿಂದ ವಿಚಾರಿಸುವುದು ಈ ಲೇಖನದ ಉದ್ದೇಶ.

ಮೊದಲು ಅರಸರ ಕಾಲವನ್ನು ನೋಡೋಣ. ವೇಮುಲವಾಡದ ಚಾಲುಕ್ಯ ಅರಿಕೇಸರಿಯ ಆಶ್ರಯದಲ್ಲಿದ್ದ ಪಂಪನು ಹತ್ತನೆಯ ಶತಮಾನದ ನಡುವೆ ವಿಕ್ರಮಾರ್ಜುನವಿಜಯವನ್ನು ರಚಿಸಿದಾಗ, ಆ ಪ್ರಭುವನ್ನೇ ಅರ್ಜುನನೊಡನೆ ಅಭೇದವಾಗಿ ಕಲ್ಪಿಸಿ ಕಥಾನಾಯಕನನ್ನಾಗಿ ಮಾಡಿಕೊಂಡನು. ಧರ್ಮಪುರವೆಂಬ ಅಗ್ರಹಾರವು ಅವನಿಗೆ ಸಂದಿತು. ಇದಕ್ಕಾಗಿ ಕಾವ್ಯವು ತೆತ್ತ ಬೆಲೆಯೇನೆಂಬುದು ಓದಿದವರಿಗೆಲ್ಲ ತಿಳಿದಿದೆ. ವ್ಯಾಸರ ದ್ರೌಪದಿಗೆ ಗಂಡಂದಿರು ಐವರು, ಪಂಪನಲ್ಲಿ ಅರ್ಜುನನೊಬ್ಬನೇ. ಕಡೆಯಲ್ಲಿ ಪಟ್ಟವೇರುವವನು ಧರ್ಮರಾಯನಲ್ಲ, ಅರ್ಜುನ. ಅವನ ಪಕ್ಕದಲ್ಲಿ ಕುಳ್ಳಿರುವವಳು ದ್ರೌಪದಿಯಲ್ಲ, ಸುಭದ್ರೆ. ರನ್ನನು ಸತ್ಯಾಶ್ರಯನನ್ನು ಭೀಮನೆಂದು ಕಂಡುದೂ ಇದೇ ದಾರಿಯಲ್ಲಿ.

ಆದರೆ ಪಂಪನು ಇದಾವುದನ್ನೂ ಮರೆಮಾಡಲಿಲ್ಲ. ನನ್ನ ಒಡೆಯನು ಇವನು, ಇವನನ್ನು ಅರ್ಜುನನಾಗಿ ಕಂಡು ಈ ಕಥೆಯನ್ನು ಹೇಳುವೆನು ಎಂಬ ಸಂಗತಿಯನ್ನು ಆರಂಭದಲ್ಲಿಯೇ ಬಯಲಾಗಿಸಿದನು. ಸಾವಿರ ವರ್ಷಗಳ ತರುವಾಯ ಓದುವ ನಾವು, ಇದು ವ್ಯಾಸರ ಕಥೆ, ಇದು ಅರಿಕೇಸರಿಯ ಋಣ, ಎಂದು ಬೆರಳಿಟ್ಟು ತೋರಿಸಬಲ್ಲೆವು. ಆ ಋಣವನ್ನು ತೀರಿಸಿದ ಮೇಲೆಯೂ ಕರ್ಣನ ಮೇಲಣ ತನ್ನ ಒಲವನ್ನು ಪಂಪನು ತೋರದೆ ಬಿಡಲಿಲ್ಲ. ಅರಸನಿಗೆ ಬೇಕಾದುದು ಕೀರ್ತಿ; ಕೀರ್ತಿಗೆ ಬೇಕಾದುದು ಬೆಳಕು. ಆದಕಾರಣ ಆ ಕಾಲದ ಪೋಷಣೆಯು ಕಾವ್ಯವನ್ನು ಬಾಗಿಸಿತೇ ಹೊರತು ಓದುಗನನ್ನು ವಂಚಿಸಲಿಲ್ಲ.

ಬೆಳಕಿಗೆ ಬದಲಾಗಿ ನೆರಳನ್ನೇ ಬಯಸುವ ಪೋಷಕನು ಕಾಣಿಸಿಕೊಳ್ಳುವುದು ಮುದ್ರಣವೂ ಮಾಸಪತ್ರಿಕೆಗಳೂ ಪೇಟೆಯ ಸರಕುಗಳೂ ಒಟ್ಟಾಗಿ ಬೆಳೆದ ಕಾಲದಲ್ಲಿ. ಇದಕ್ಕೆ ಬಹು ಸೊಗಸಾದ ದೃಷ್ಟಾಂತವೊಂದು ವಂಗದೇಶದಲ್ಲಿ ದೊರೆಯುವುದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಲಕತ್ತೆಯ ಹೇಮೇಂದ್ರಮೋಹನ ಬಸುಗಳು "ಕುಂತಲೀನ" ಎಂಬ ಕೇಶತೈಲವನ್ನೂ "ದೇಲ್‌ಖೋಶ್" ಎಂಬ ಸುಗಂಧದ್ರವ್ಯವನ್ನೂ ತಯಾರಿಸಿ ಮಾರುತ್ತಿದ್ದರು. 1896ರಲ್ಲಿ ಅವರು ತಮ್ಮ ತೈಲದ ಹೆಸರಿನಲ್ಲಿಯೇ "ಕುಂತಲೀನ ಪುರಸ್ಕಾರ"ವೆಂಬ ಕಥಾಸ್ಪರ್ಧೆಯೊಂದನ್ನು ಏರ್ಪಡಿಸಿದರು. ಬಹುಮಾನ ಪಡೆದ ಕಥೆಗಳು ಪುಸ್ತಕರೂಪದಲ್ಲಿ ಅಚ್ಚಾಗುತ್ತಿದ್ದುವು. ಸ್ಪರ್ಧೆಗೆ ಒಂದು ನಿಬಂಧನೆಯಿತ್ತು. ಕಥೆಯಲ್ಲಿ ಕುಂತಲೀನ, ದೇಲ್‌ಖೋಶ್‌ಗಳ ಪ್ರಸ್ತಾಪ ಬರಬೇಕು. ಆದರೆ ಅದರಿಂದ ಕಥೆಯ ಸೌಂದರ್ಯಕ್ಕೆ ಊನವಾಗಕೂಡದು, ಅದು ಆ ಸರಕುಗಳ ಜಾಹೀರಾತೆಂದು ತೋರಲೂ ಕೂಡದು.

ಈ ನಿಬಂಧನೆಯ ಎರಡನೆಯ ಭಾಗವನ್ನು ವಾಚಕರು ಮತ್ತೊಮ್ಮೆ ಓದಿಕೊಳ್ಳಬೇಕೆಂದು ಬೇಡುವೆನು. ಅಲಂಕಾರಶಾಸ್ತ್ರದ ಪರಿಚಯವುಳ್ಳವರಿಗೆ ಇದರಲ್ಲಿ ಪರಿಚಿತವಾದ ಧ್ವನಿಯೊಂದು ಕೇಳಿಸದಿರದು. ವ್ಯಂಗ್ಯಾರ್ಥವು ತೀರ ಬಯಲಾಗಿಬಿಟ್ಟರೆ ಅದರ ಚಮತ್ಕಾರವು ಕುಗ್ಗುವುದೆಂದು ಹೇಳಿ, ಅಂತಹ ಕಾವ್ಯವನ್ನು ಮಧ್ಯಮ ತರಗತಿಗೆ ಇಳಿಸಿದವರು ನಮ್ಮ ಆಲಂಕಾರಿಕರು. ತೈಲದ ವ್ಯಾಪಾರಿಯೂ ಅದನ್ನೇ ಕಂಡುಕೊಂಡನು. "ಕೊಳ್ಳಿರಿ" ಎಂದು ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿದರೆ ಅದು ಪ್ರಭುಸಮ್ಮಿತ. ಓದಿದವನು ನಕ್ಕು ಮುಂದೆ ಹೋಗುವನು. ವೈದ್ಯರ ಪ್ರಶಂಸಾಪತ್ರವನ್ನು ಅಚ್ಚುಹಾಕಿಸಿದರೆ ಸುಹೃತ್ಸಮ್ಮಿತ. ನಂಬುವವರು ಕೆಲವರು, ನಂಬದವರು ಕೆಲವರು. ಆದರೆ ಕಥೆಯ ನಾಯಿಕೆಯು ತಲೆಬಾಚಿಕೊಳ್ಳುವಾಗ ಅವಳ ಕೈಯಲ್ಲಿ ಆ ಸೀಸೆಯಿದ್ದರೆ, ಓದುವವನು ಎಚ್ಚರದಿಂದಿರುವುದೇ ಇಲ್ಲ. ಅವನ ಚಿತ್ತವೆಲ್ಲ ನಾಯಿಕೆಯ ದುಃಖದಲ್ಲಿ ನೆಟ್ಟಿರುವುದು. ಎಚ್ಚರ ತಪ್ಪಿದ ಆ ಸಮಯವನ್ನೇ ವ್ಯಾಪಾರಿಯು ಹಣಕೊಟ್ಟು ಕೊಂಡುದು.

ಆ ಮೊದಲ ವರ್ಷದ ಬಹುಮಾನವನ್ನು ಗೆದ್ದವರು ಯಾರೆಂದು ಬಲ್ಲಿರಾ? ಕಲಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದು, ವಿದ್ಯುತ್ತರಂಗಗಳ ಪ್ರಯೋಗಗಳಿಂದ ಅದೇ ತಾನೆ ಹೆಸರುಗಳಿಸುತ್ತಿದ್ದ ಜಗದೀಶಚಂದ್ರ ಬಸುಗಳು. ಅವರ ಕಥೆಯ ಹೆಸರು "ನಿರುದ್ದೇಶೇರ್ ಕಾಹಿನಿ", ಅಂದರೆ ಕಾಣೆಯಾದುದರ ಕಥೆ. ಕಲಕತ್ತೆಯ ಮೇಲೆ ಭಯಂಕರವಾದ ಚಂಡಮಾರುತವು ಎರಗಲಿದೆಯೆಂದು ಹವಾಮಾನದವರು ಮುನ್ಸೂಚನೆ ಕೊಡುವರು. ಚಂಡಮಾರುತವು ಬರುವುದೇ ಇಲ್ಲ. ಅದು ಎಲ್ಲಿ ಹೋಯಿತೆಂದು ಪಂಡಿತರು ತಲೆಕೆಡಿಸಿಕೊಂಡು ಒಂದೊಂದು ಸಿದ್ಧಾಂತವನ್ನು ಮಂಡಿಸುವರು. ನಿಜವು ಕಥೆ ಹೇಳುವವನೊಬ್ಬನಿಗೆ ಮಾತ್ರ ಗೊತ್ತು. ಜ್ವರ ಬಂದು ತಲೆಗೂದಲೆಲ್ಲ ಉದುರಿಹೋಗಿದ್ದ ಅವನು ಆರೋಗ್ಯಕ್ಕಾಗಿ ಸಿಂಹಳಕ್ಕೆ ಹಡಗಿನಲ್ಲಿ ಹೊರಟಿರುವನು. ಮಗಳು ಒಂದು ಸೀಸೆ ಕುಂತಲೀನವನ್ನು ಸಾಮಾನಿನೊಡನೆ ಇಟ್ಟಿರುವಳು. ನಡುಗಡಲಿನಲ್ಲಿ ಬಿರುಗಾಳಿಯೆದ್ದು ಹಡಗು ಮುಳುಗುವಂತಾದಾಗ, ಎಣ್ಣೆಯು ಅಲೆಗಳನ್ನು ಅಡಗಿಸುವುದೆಂದು ಎಲ್ಲಿಯೋ ಓದಿದುದು ನೆನಪಿಗೆ ಬಂದು, ಸೀಸೆಯ ತೈಲವನ್ನು ಸಮುದ್ರಕ್ಕೆ ಸುರಿದುಬಿಡುವನು. ಕಡಲು ಶಾಂತವಾಗುವುದು, ಚಂಡಮಾರುತವು ಕರಗಿಹೋಗುವುದು. (ಎಣ್ಣೆಯಿಂದ ಅಲೆಗಳು ಅಡಗುವ ಮಾತು ಬರಿಯ ಕಲ್ಪನೆಯಲ್ಲ. ಹದಿನೆಂಟನೆಯ ಶತಮಾನದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ನನು ಲಂಡನ್ನಿನ ಬಳಿಯ ಕೊಳವೊಂದರಲ್ಲಿ ಇದನ್ನು ಪರೀಕ್ಷಿಸಿ ನೋಡಿದ್ದನು.)

ವಿಜ್ಞಾನವನ್ನು ವಸ್ತುವಾಗಿ ಮಾಡಿಕೊಂಡ ವಂಗಭಾಷೆಯ ಮೊದಲ ಮೊದಲಿನ ಕಥೆಗಳಲ್ಲಿ ಇದನ್ನು ಎಣಿಸುವರು. ನನಗೆ ಈ ಕಥೆಯಲ್ಲಿ ಮೆಚ್ಚುಗೆಯಾದುದು ಬೇರೊಂದು ಅಂಶ. ನಿಬಂಧನೆಯು ತೈಲವನ್ನು ಮೆಲ್ಲನೆ, ಕಾಣದಂತೆ ತರಬೇಕೆಂದಿತ್ತು. ಬಸುಗಳು ಅದನ್ನು ಕಡಲಿನಷ್ಟು ದೊಡ್ಡದಾಗಿ ತಂದರು! ಒಂದು ಸೀಸೆಯ ಕೇಶತೈಲವು ಪ್ರಳಯವನ್ನೇ ತಡೆಯಿತೆಂದು ಹೇಳಿದರೆ ನಂಬುವವರಾರು? ಎಲ್ಲರೂ ನಗುವರು; ನಗುವವನು ಮೋಸಹೋಗುವುದಿಲ್ಲ. ಪಂಪನು ಅರಿಕೇಸರಿಗೆ ಮಾಡಿದುದನ್ನು ಈ ಪ್ರಾಧ್ಯಾಪಕರು ಎಣ್ಣೆಗೆ ಮಾಡಿದರು. ಅದನ್ನು ಕಥಾನಾಯಕನ ಪೀಠಕ್ಕೇರಿಸಿ, ನಾಲ್ಕು ಮಂದಿಯ ಕಣ್ಣಮುಂದೆ ನಿಲ್ಲಿಸಿ, ಬೆಳಕಿನಲ್ಲಿ ಋಣವನ್ನು ತೀರಿಸಿದರು. 1921ರಲ್ಲಿ "ಅವ್ಯಕ್ತ" ಎಂಬ ತಮ್ಮ ಸಂಕಲನದಲ್ಲಿ ಇದೇ ಕಥೆಯನ್ನು ತಿದ್ದಿ "ಪಲಾತಕ ತುಫಾನ್" ಎಂಬ ಹೊಸ ಹೆಸರಿನಿಂದ ಸೇರಿಸಿಕೊಂಡರು.

ಕೆಲವು ವರ್ಷಗಳ ತರುವಾಯ, 1903ರಲ್ಲಿ, ಇದೇ ಪುರಸ್ಕಾರವು "ಮಂದಿರ" ಎಂಬ ಕಥೆಗೆ ಸಂದಿತು. ಬರೆದವರು ತಮ್ಮ ಹೆಸರನ್ನು ಹಾಕದೆ ಬಂಧುವೊಬ್ಬರ ಹೆಸರಿನಲ್ಲಿ ಕಳುಹಿಸಿದ್ದರು. ಅವರು ಮುಂದೆ ಭಾರತವೆಲ್ಲ ಬಲ್ಲ ಶರಚ್ಚಂದ್ರ ಚಟ್ಟೋಪಾಧ್ಯಾಯರು. ಆದಕಾರಣ ಈ ತೈಲದ ವ್ಯಾಪಾರಿಯಿಂದ ಸಾಹಿತ್ಯಕ್ಕೆ ಕೇಡೇ ಆಯಿತೆಂದು ಯಾರೂ ಹೇಳಲಾರರು. ಹೇಮೇಂದ್ರಮೋಹನರು ದುರ್ಜನರೂ ಆಗಿರಲಿಲ್ಲ. 1905ರ ವಂಗಭಂಗದ ಹಿಂದುಮುಂದಿನ ಸ್ವದೇಶೀ ಆಂದೋಲನದ ಕಾಲದಲ್ಲಿ ರವೀಂದ್ರನಾಥರ ಕಂಠವನ್ನು ಸಿಲಿಂಡರುಗಳಲ್ಲಿ ಮುದ್ರಿಸಿ, ದೇಶಭಕ್ತಿಯ ಹಾಡುಗಳನ್ನು ಮನೆಮನೆಗೆ ಮುಟ್ಟಿಸಿದವರು ಇವರೇ. ವಿಷಯವು ಕಠಿನವಾಗುವುದು ಇಲ್ಲಿಯೇ. ದುಷ್ಟನು ಕಲೆಯನ್ನು ಕೆಡಿಸಿದರೆ ಅವನನ್ನು ಬಯ್ದು ಸುಮ್ಮನಾಗಬಹುದು. ಸಜ್ಜನನು, ದೇಶಾಭಿಮಾನಿಯು, ಗುಣಗ್ರಾಹಿಯು, ಒಳ್ಳೆಯ ಬರಹಗಾರರನ್ನು ಹುಡುಕಿ ತೆಗೆದವನು ಈ ಪದ್ಧತಿಯನ್ನು ಹಾಕಿಕೊಟ್ಟಿರುವಾಗ ಅದರ ದೋಷವನ್ನು ಎತ್ತಿ ತೋರಿಸುವುದು ಹೇಗೆ? ಜಗದೀಶಚಂದ್ರರಂತಹ ಮೇಧಾವಿಯು ನಿಬಂಧನೆಯನ್ನು ಹಾಸ್ಯದಿಂದ ಗೆದ್ದನೆಂದ ಮಾತ್ರಕ್ಕೆ ಅದೇ ಸ್ಪರ್ಧೆಗೆ ಬರೆದ ಸಾಮಾನ್ಯರೆಲ್ಲರೂ ಗೆದ್ದರೆಂದು ಹೇಳಲಾಗುವುದೆ? ವರ್ಷವರ್ಷವೂ ಎಷ್ಟೋ ಮಂದಿ ಎಳೆಯ ಲೇಖಕರು, ಕಥೆಗೆ ಕುಳಿತಾಗ ಮೊದಲು ಸೀಸೆಗೆ ಜಾಗ ಮಾಡಿ ಆಮೇಲೆ ಮನುಷ್ಯರಿಗೆ ಜಾಗ ಹುಡುಕುವುದನ್ನು ಅಭ್ಯಾಸ ಮಾಡಿದರಲ್ಲವೆ?

ಕುಂತಲೀನವು ಕಥೆಯೊಳಗೆ ಒಂದು ಸೀಸೆಯಷ್ಟು ಜಾಗವನ್ನು ಮಾತ್ರ ಕೇಳಿತು. ಮುಂದೆ ಅಮೆರಿಕದಲ್ಲಿ ಸಾಬೂನಿನವರು ಕೇಳಿದುದು ಕಥೆಯ ಅಸ್ಥಿಪಂಜರವನ್ನೇ. 1930ರ ದಶಕದ ಆರಂಭದಲ್ಲಿ ಅಲ್ಲಿಯ ಸಾಬೂನಿನ ಕಂಪೆನಿಗಳು ಹಗಲುಹೊತ್ತಿನಲ್ಲಿ ಮನೆಯಲ್ಲಿರುವ ಹೆಂಗಸರಿಗಾಗಿ ರೇಡಿಯೋ ನಾಟಕಗಳನ್ನು ಪ್ರಾಯೋಜಿಸತೊಡಗಿದುವು. ಅದರಿಂದಲೇ ಅವುಗಳಿಗೆ ಸೋಪ್ ಆಪೆರಾ, ಎಂದರೆ ಸಾಬೂನಿನ ಸಂಗೀತನಾಟಕ, ಎಂಬ ಪರಿಹಾಸ್ಯದ ಹೆಸರು ಬಂದಿತು. "ಮಾ ಪರ್ಕಿನ್ಸ್" ಎಂಬುದು ಇವುಗಳಲ್ಲಿ ಬಹು ಪ್ರಸಿದ್ಧವಾದುದು. ಸಣ್ಣ ಊರೊಂದರಲ್ಲಿ ಮರದ ಅಡ್ಡೆಯನ್ನು ನಡೆಸುವ ವಿಧವೆಯೊಬ್ಬಳ ಕಥೆಯದು. ನಡೆಸಿದವರು ಆಕ್ಸಿಡಾಲ್ ಎಂಬ ಬಟ್ಟೆ ಒಗೆಯುವ ಪುಡಿಯನ್ನು ಮಾರುತ್ತಿದ್ದ ಪ್ರಾಕ್ಟರ್ ಎಂಡ್ ಗ್ಯಾಂಬಲ್ ಕಂಪೆನಿಯವರು. 1933ರಲ್ಲಿ ಮೊದಲಾದ ಈ ಕಥೆಯು 1960ರಲ್ಲಿ ನಿಂತಿತು. ಏಳು ಸಾವಿರಕ್ಕೂ ಮಿಕ್ಕ ಕಂತುಗಳಾದುವು.

ಭರತಮುನಿಯು ನಾಟಕಕ್ಕೆ ಐದು ಸಂಧಿಗಳನ್ನು ವಿಧಿಸಿರುವನು. ಬೀಜವು ಬಿದ್ದು, ಮೊಳೆತು, ಬೆಳೆದು, ಸಂದೇಹಕ್ಕೆ ಸಿಕ್ಕಿ, ಕಡೆಗೆ ನಿರ್ವಹಣಸಂಧಿಯಲ್ಲಿ ಫಲಿಸಬೇಕು. ಸಾಬೂನಿನ ನಾಟಕಕ್ಕೆ ನಿರ್ವಹಣಸಂಧಿಯೇ ಇಲ್ಲ. ಫಲಪ್ರಾಪ್ತಿಯಾಯಿತೆಂದರೆ ಕೇಳುವವರು ಎದ್ದುಹೋಗುವರು; ಎದ್ದುಹೋದರೆ ನಾಳೆ ಸಾಬೂನಿನ ಮಾತನ್ನು ಕೇಳುವವರಾರು? ಆದಕಾರಣ ಗರ್ಭಸಂಧಿಯಲ್ಲಿಯೇ ಇಪ್ಪತ್ತೇಳು ವರ್ಷಗಳನ್ನು ಕಳೆಯಬೇಕಾಯಿತು. ಪ್ರಾಯೋಜಕನು ಇಂತಹದನ್ನೇ ಬರೆ ಎಂದು ಕೈಹಿಡಿದು ಬರೆಯಿಸಬೇಕಾದುದಿಲ್ಲ. ಮುಗಿಯದ ಕಥೆಗೆ ಮಾತ್ರ ಹಣ ಕೊಡುವೆನೆಂದರೆ ಸಾಕು. ಉಳಿದುದೆಲ್ಲ ತಾನಾಗಿಯೇ ನಡೆಯುವುದು. ಇಂದು ನಮ್ಮ ಮನೆಗಳಲ್ಲಿ ಸಂಜೆಯಾದೊಡನೆ ಆರಂಭವಾಗುವ ಧಾರಾವಾಹಿಗಳ ಅತ್ತೆಸೊಸೆಯರು ಏತಕ್ಕೆ ಎಂದಿಗೂ ರಾಜಿಯಾಗುವುದಿಲ್ಲವೆಂದು ನಮ್ಮ ಮೊಮ್ಮಕ್ಕಳು ಕೇಳಿದರೆ, ಆ ಆಕ್ಸಿಡಾಲಿನ ಪುಡಿಯ ಕಥೆಯನ್ನು ಹೇಳಬಹುದು.

ಇದನ್ನು ತಡೆಯುವ ಬಗೆ ಹೇಗೆ? ಸರ್ಕಾರವೇ ತಡೆಯಬೇಕೆಂಬುದು ಮೊದಲು ತೋರುವ ಉಪಾಯ. ಇದನ್ನು ನಮ್ಮ ದೇಶವು ಒಮ್ಮೆ ಮಾಡಿ ನೋಡಿತು. 1952ರಲ್ಲಿ ವಾರ್ತಾ ಮತ್ತು ಪ್ರಸಾರ ಇಲಾಖೆಯ ಮಂತ್ರಿಗಳಾದ ಬಿ. ವಿ. ಕೇಸ್ಕರರು ಶಾಸ್ತ್ರೀಯ ಸಂಗೀತದ ಪರಮಾಭಿಮಾನಿಗಳು. ಚಲನಚಿತ್ರದ ಹಾಡುಗಳಿಂದ ಜನರ ಅಭಿರುಚಿ ಕೆಡುವುದೆಂದು ಅವರು ಆಕಾಶವಾಣಿಯಲ್ಲಿ ಅವುಗಳಿಗೆ ಕಡಿವಾಣ ಹಾಕಿದರು; ಸ್ವಲ್ಪ ಕಾಲದಲ್ಲಿಯೇ ಆ ಹಾಡುಗಳು ನಮ್ಮ ನಿಲಯಗಳಿಂದ ಮಾಯವಾದುವು. ಅದೇ ವರ್ಷದ ಡಿಸೆಂಬರ್ ತಿಂಗಳಿನಲ್ಲಿ ಸಿಂಹಳದ ರೇಡಿಯೋ ನಿಲಯದಿಂದ "ಬಿನಾಕಾ ಗೀತ್‌ಮಾಲಾ" ಮೊದಲಾಯಿತು. ಬಿನಾಕಾ ಎಂಬುದು ಹಲ್ಲುಜ್ಜುವ ಪೇಸ್ಟು. ಅಮೀನ್ ಸಯಾನಿಯವರ ಆ ಸ್ನೇಹದ ಧ್ವನಿಯನ್ನು ಬುಧವಾರ ರಾತ್ರಿ ಕೇಳದ ಊರು ಬಹುಶಃ ನಮ್ಮ ದೇಶದಲ್ಲಿ ಇರಲಿಲ್ಲ. ಕೇಸ್ಕರರು ವ್ಯಾಪಾರಿಯ ಪಾಲಿಗೆ ಇಡಿಯ ದೇಶದ ಕಿವಿಯನ್ನು ಧಾರೆಯೆರೆದು ಕೊಟ್ಟಂತಾಯಿತು. ಕಡೆಗೆ 1957ರ ಅಕ್ಟೋಬರಿನಲ್ಲಿ ಸರ್ಕಾರವೇ ವಿವಿಧಭಾರತಿಯನ್ನು ತೆರೆದು ಆ ಹಾಡುಗಳನ್ನು ಒಳಕ್ಕೆ ಕರೆಯಬೇಕಾಯಿತು. 1967ರಲ್ಲಿ ಅಲ್ಲಿಗೆ ಜಾಹೀರಾತೂ ಬಂದು ಕುಳಿತಿತು. ಮಂತ್ರಿಗಳ ಉದ್ದೇಶವು ಉದಾತ್ತವಾದುದೇ. ಆದರೆ ಜನರಿಗೆ ಪ್ರಿಯವಾದುದನ್ನು ಬಾಗಿಲಿನಿಂದಾಚೆಗೆ ನೂಕಿದರೆ ಅದನ್ನು ಎತ್ತಿಕೊಳ್ಳಲು ವ್ಯಾಪಾರಿಯು ಹೊರಗೆ ಕಾದುಕೊಂಡೇ ಇರುವನು. ಈ ಉಪಾಯದ ಬಗ್ಗೆ ಇದಕ್ಕಿಂತ ಹೆಚ್ಚಿಗೆ ಹೇಳಬೇಕಾದುದಿಲ್ಲ.

ಆಕಾಶವಾಣಿಯೆಂಬ ಆ ಹೆಸರು ಮಾತ್ರ ನಮ್ಮ ಮೈಸೂರಿನದು. ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ರೇಡಿಯೋ ನಿಲಯವನ್ನು ಸ್ಥಾಪಿಸಿದರು. ಯಾವ ಸಾಬೂನೂ ಅದರ ಬೆನ್ನಿಗಿರಲಿಲ್ಲ.

ಎರಡನೆಯ ಉಪಾಯವು ನಿರಾಕರಣೆ. ಮಹಾತ್ಮಾ ಗಾಂಧಿಯವರು ದಕ್ಷಿಣ ಆಫ್ರಿಕದಲ್ಲಿ ನಡೆಸುತ್ತಿದ್ದ "ಇಂಡಿಯನ್ ಒಪೀನಿಯನ್" ಪತ್ರಿಕೆಯು 1903ರಲ್ಲಿ ಮೊದಲಾದಾಗ ಇತರ ಪತ್ರಿಕೆಗಳಂತೆಯೇ ಜಾಹೀರಾತುಗಳನ್ನು ಅಚ್ಚುಹಾಕುತ್ತಿತ್ತು. 1912ರಲ್ಲಿ ಅವುಗಳನ್ನು ಬಿಟ್ಟುಬಿಟ್ಟರು. ಈ ವಿಷಯವನ್ನು ಅವರು ತಮ್ಮ ದಕ್ಷಿಣ ಆಫ್ರಿಕದ ಸತ್ಯಾಗ್ರಹದ ಚರಿತ್ರೆಯಲ್ಲಿ ವಿವರಿಸಿರುವರು. ಜಾಹೀರಾತುಗಳನ್ನು ಹೊಂದಿಸುವುದರಲ್ಲಿಯೇ ಒಳ್ಳೆಯ ಕೆಲಸಗಾರರ ಹೊತ್ತು ಕಳೆಯುತ್ತಿತ್ತು, ಕೊಡುವವರನ್ನು ಓಲೈಸಬೇಕಾಗುತ್ತಿತ್ತು, ಯಾವುದನ್ನು ಹಾಕಬೇಕು, ಯಾವುದನ್ನು ಬಿಡಬೇಕೆಂಬ ಕಷ್ಟವು ದಿನವೂ ಇದ್ದಿತು, ತಕ್ಕುದಲ್ಲವೆಂದು ಕಂಡರೂ ಸಮಾಜದ ಮುಖಂಡನು ಕೊಟ್ಟ ಜಾಹೀರಾತನ್ನು ದಾಕ್ಷಿಣ್ಯದಿಂದ ತೆಗೆದುಕೊಳ್ಳಬೇಕಾಗುತ್ತಿತ್ತು. ಗಾಂಧಿಯವರು ಇಲ್ಲಿ ವ್ಯಾಪಾರಿಗಳನ್ನು ನಿಂ­ದಿಸಲಿಲ್ಲ. ತಮ್ಮ ಮುದ್ರಣಾಲಯದ ಹೊತ್ತನ್ನೂ ಮನಸ್ಸನ್ನೂ ಲೆಕ್ಕ ಹಾಕಿದರು, ಅಷ್ಟೆ. ಪತ್ರಿಕೆಯು ಬೇಕಾದ ಸಮಾಜವು ಅದರ ಖರ್ಚನ್ನು ತಾನೇ ಹೊರುವುದು, ಹೊರದಿದ್ದರೆ ಅದು ಬೇಕಾಗಿಲ್ಲವೆಂದು ತಿಳಿಯಬೇಕು ಎಂಬ ನಿಲುವು ಅವರದು. ಮುಂದೆ ಭಾರತದಲ್ಲಿ ಅವರು ನಡೆಸಿದ "ಯಂಗ್ ಇಂಡಿಯಾ", "ನವಜೀವನ", "ಹರಿಜನ" ಪತ್ರಿಕೆಗಳೂ ಜಾಹೀರಾತಿಲ್ಲದೆಯೇ ನಡೆದುವು.

ಕನ್ನಡದಲ್ಲಿ ಈ ಮಾರ್ಗವನ್ನು ಹಿಡಿದವರಲ್ಲಿ ಪಿ. ಲಂಕೇಶರು ಪ್ರಸಿದ್ಧರು. 1980ರಲ್ಲಿ ಅವರು ಆರಂಭಿಸಿದ ವಾರಪತ್ರಿಕೆಯು ಜಾಹೀರಾತನ್ನು ಮುಟ್ಟದೆ, ಕೊಂಡು ಓದುವವರ ಹಣದಿಂದಲೇ ನಡೆಯಿತು. ಆ ಪತ್ರಿಕೆಯ ಭಾಷೆಯ ಕಟುತ್ವವು ನನ್ನಂತಹ ಹಳೆಯ ಪಾಠಶಾಲೆಯವನಿಗೆ ಎಷ್ಟೋ ಸಲ ಸಹ್ಯವಾಗಲಿಲ್ಲ. ವಾರವಾರವೂ ಅಂಗಡಿಯ ಮುಂದೆ ತೂಗುಹಾಕಿ ಮಾರಬೇಕಾದ ಪತ್ರಿಕೆಗೆ ಕೊಳ್ಳುವವನ ಕುತೂಹಲವೂ ಒಂದು ಬಗೆಯ ಒಡೆಯನೇ ಆಗಿಬಿಡುವುದೆಂದು ಆಗ ತೋರುತ್ತಿತ್ತು. ಆದರೆ ಆಳುವವರನ್ನೂ ಸಿರಿವಂತರನ್ನೂ ಹೆಸರು ಹಿಡಿದು ಪ್ರಶ್ನಿಸುವ ಧೈರ್ಯವು ಅದಕ್ಕೆ ಬಂದುದು ಈ ನಿರಾಕರಣೆಯಿಂದಲೇ ಎಂಬುದನ್ನು ಒಪ್ಪದಿರುವುದು ಅನ್ಯಾಯ. ಇದಕ್ಕೆ ವಿರುದ್ಧವಾದ ದಾರಿಯು ಎಲ್ಲಿಗೆ ಮುಟ್ಟಿಸುವುದೆಂಬುದನ್ನು 2010ರಲ್ಲಿ ಭಾರತೀಯ ಪತ್ರಿಕಾ ಮಂಡಲಿಯ ಉಪಸಮಿತಿಯು ಕಾಸಿಗಾಗಿ ಸುದ್ದಿಯ ವಿಷಯದಲ್ಲಿ ಸಿದ್ಧಪಡಿಸಿದ ವರದಿಯು ತೋರಿಸಿತು. ಹಣ ಕೊಟ್ಟು ಬರೆಯಿಸಿದ ಹೊಗಳಿಕೆಯು ವರ್ತಮಾನದ ವೇಷದಲ್ಲಿ ಅಚ್ಚಾಗುತ್ತಿತ್ತು. ಆ ವರದಿಯು ಪೂರ್ಣರೂಪದಲ್ಲಿ ಕೂಡಲೇ ಪ್ರಕಟವಾಗಲೂ ಇಲ್ಲ. ಕುಂತಲೀನದ ನಿಬಂಧನೆಯು ನೂರು ವರ್ಷಗಳಲ್ಲಿ ಕಥೆಯಿಂದ ಸುದ್ದಿಗೆ ನಡೆದುಬಂದಿತು. ಮೊಬೈಲಿನ ಪರದೆಯ ಮೇಲೆ ಸ್ನೇಹಿತರಂತೆ ಮಾತನಾಡುತ್ತ ಸರಕನ್ನು ಹೊಗಳುವವರು ತಾವು ಹಣ ಪಡೆದುದನ್ನು ತಿಳಿಸಲೇಬೇಕೆಂದು ಜಾಹೀರಾತು ಮಾನಕಗಳ ಮಂಡಲಿಯು 2021ರಲ್ಲಿ ನಿಯಮ ಮಾಡಬೇಕಾಯಿತು. "ಜಾಹೀರಾತೆಂದು ತೋರಕೂಡದು" ಎಂಬುದಕ್ಕೆ "ತೋರಲೇಬೇಕು" ಎಂಬ ಉತ್ತರವು ಬರುವುದಕ್ಕೆ ನೂರಿಪ್ಪತ್ತೈದು ವರ್ಷ ಹಿಡಿಯಿತು.

ಮೂರನೆಯ ಉಪಾಯದಲ್ಲಿ ಸದ್ದುಗದ್ದಲ ಕಡಿಮೆ. ಓದುವವರನ್ನೇ ಮುಂಚಿತವಾಗಿ ಕೂಡಿಸಿಕೊಳ್ಳುವುದು ಅದು. ಗಳಗನಾಥರೆಂದು ಪ್ರಸಿದ್ಧರಾದ ವೆಂಕಟೇಶ ತಿರಕೊ ಕುಲಕರ್ಣಿಯವರು ಶಾಲಾಮಾಸ್ತರಿಕೆಯಲ್ಲಿದ್ದು ಕಾದಂಬರಿಗಳನ್ನು ಬರೆದವರು. 1907ರಲ್ಲಿ ಅಗಡಿಯಿಂದ ಹೊರಟ "ಸದ್ಬೋಧಚಂದ್ರಿಕೆ"ಯನ್ನು ಬೆಳೆಸಿದವರು. ಉತ್ತರ ಕರ್ನಾಟಕದಲ್ಲಿ ಮರಾಠಿಯನ್ನು ಓದುತ್ತಿದ್ದ ಮನೆಗಳಲ್ಲಿ ಕನ್ನಡದ ಪುಸ್ತಕಗಳನ್ನು ಮುಟ್ಟಿಸಲು ಅವರು ಗ್ರಂಥಗಳ ಹೊರೆಯನ್ನು ತಾವೇ ಹೊತ್ತು ಊರೂರು ತಿರುಗಿದರು. ವೃದ್ಧಾಪ್ಯದಲ್ಲಿಯೂ ಆ ತಿರುಗಾಟವು ತಪ್ಪಲಿಲ್ಲ. 1942ರಲ್ಲಿ ಹಂಪೆಯಲ್ಲಿ ತೀರಿಕೊಂಡರು. ಅವರ ಬಡತನವನ್ನು ನಾವು ಆದರ್ಶವೆಂದು ಹಾಡಿಹೊಗಳುವುದು ನನಗೆ ಸರಿತೋರುವುದಿಲ್ಲ. ಲೇಖಕನು ಹೊರೆ ಹೊರಬೇಕಾದುದು ಓದುಗರ ಸಮಾಜಕ್ಕೆ ಮಾನ ತರುವ ಸಂಗತಿಯಲ್ಲ.

ಆ ಹೊರೆಯನ್ನು ಹಂಚಿಕೊಳ್ಳುವ ಕ್ರಮವನ್ನು ಧಾರವಾಡವು ಕಂಡುಕೊಂಡಿತು. 1933ರಲ್ಲಿ ಜಿ. ಬಿ. ಜೋಶಿಯವರು ಮಿತ್ರರೊಡನೆ ಸ್ಥಾಪಿಸಿದ ಮನೋಹರ ಗ್ರಂಥಮಾಲೆಯು ಚಂದಾದಾರರನ್ನು ಮಾಡಿಕೊಂಡು ಅವರಿಗೆ ಪುಸ್ತಕಗಳನ್ನು ಕಳುಹಿಸಿತು. ಬರಲಿರುವ ಪುಸ್ತಕವು ಯಾವುದೆಂದು ಚಂದಾದಾರನಿಗೆ ಮೊದಲೇ ತಿಳಿದಿರದು. ಆಯ್ದವರ ವಿವೇಕವನ್ನು ನಂಬಿ ಹಣವನ್ನು ಕಟ್ಟುವನು. ಪೇಟೆಯ ಕೊಳ್ಳುವಿಕೆಗೂ ಇದಕ್ಕೂ ಇರುವ ಅಂತರವು ಇದೇ. ತನಗೆ ರುಚಿಸುವುದೋ ಇಲ್ಲವೋ ಎಂದು ತಿಳಿಯದ ಬರಹಕ್ಕೂ ಹಣ ಕೊಟ್ಟವನು ಲೇಖಕನಿಗೆ ಸ್ವಾತಂತ್ರ್ಯವನ್ನೇ ಕೊಟ್ಟನು. ಗಿರೀಶ ಕಾರ್ನಾಡರೆಂಬ ತರುಣನ ಮೊದಲ ನಾಟಕ "ಯಯಾತಿ"ಯೂ, 1965ರಲ್ಲಿ ಅನಂತಮೂರ್ತಿಯವರ "ಸಂಸ್ಕಾರ"ವೂ ಬೆಳಕು ಕಂಡುದು ಇಲ್ಲಿಂದಲೇ. "ಸಂಸ್ಕಾರ"ವನ್ನು ಓದಿ ಸಿಟ್ಟಾದ ಸಂಪ್ರದಾಯಸ್ಥರ ಮನೆಗಳು ಎಷ್ಟೋ ಇದ್ದುವು. ನಮ್ಮ ಪಾಠಶಾಲೆಯ ಕಡೆಯ ಪಂಡಿತರಲ್ಲಿಯೂ ಅದನ್ನು ಕುರಿತು ಕಾವೇರಿದ ಚರ್ಚೆಗಳು ನಡೆದುವು. ಯಾವ ಕೇಶತೈಲದವನು ಆ ಕಾದಂಬರಿಗೆ ಹಣ ಕೊಡುತ್ತಿದ್ದನು? ಓದುಗರಲ್ಲಿ ಅರ್ಧ ಮಂದಿಯನ್ನು ಕೆರಳಿಸುವ ಪುಸ್ತಕದಲ್ಲಿ ಸೀಸೆಯನ್ನಿಡಲು ಯಾವ ವ್ಯಾಪಾರಿಯೂ ಒಪ್ಪನು. ರಂಗಭೂಮಿಯಲ್ಲಿ ಇದೇ ಬಗೆಯ ಕೆಲಸವನ್ನು ಸಾಗರದ ಬಳಿಯ ಹೆಗ್ಗೋಡಿನವರು ಮಾಡಿದರು. 1949ರಲ್ಲಿ ಹುಟ್ಟಿದ ನೀನಾಸಮ್ ಕೆ. ವಿ. ಸುಬ್ಬಣ್ಣನವರ ಕಾಲದಲ್ಲಿ ಬೆಳೆದು, 1985ರಿಂದ ತನ್ನ ತಿರುಗಾಟದ ನಾಟಕಗಳನ್ನು ಊರೂರಿಗೆ ಒಯ್ಯುತ್ತಿದೆ. ಆಯಾ ಊರಿನ ಸಂಘದವರು ಕರೆಯಿಸಿ ಆಡಿಸಿಕೊಳ್ಳುವರು.

ಇಷ್ಟನ್ನು ವಿಸ್ತರಿಸಿ ಬರೆಯಲು ಕಾರಣವಿಲ್ಲದಿಲ್ಲ. ನಮ್ಮ ಸಂಘದ ಕಥಾಸ್ಪರ್ಧೆಯು ಹಣದ ಅಭಾವದಿಂದ ಕೆಲವು ವರ್ಷಗಳಿಂದ ನಿಂತುಹೋಗಿರುವುದು ಸದಸ್ಯರಿಗೆ ತಿಳಿದಿದೆ. ಅದನ್ನು ಮತ್ತೆ ನಡೆಸಲು ಒಂದು ವ್ಯಾಪಾರಸಂಸ್ಥೆಯು ಮುಂದೆ ಬಂದಿರುವುದು. ಬಹುಮಾನಕ್ಕೆ ಆ ಸಂಸ್ಥೆಯ ಹೆಸರನ್ನಿಡಬೇಕೆಂಬುದು ಅವರ ಮೊದಲನೆಯ ಕೋರಿಕೆ. ಗೃಹಕೃತ್ಯದ ಕಥೆಗಳಲ್ಲಿ ಅವರ ನಿತ್ಯೋಪಯೋಗಿ ಪದಾರ್ಥವೊಂದು "ಸಹಜವಾಗಿ" ಬರುವಂತಿರಬೇಕೆಂಬುದು ಎರಡನೆಯದು. ಕಾಗದದ ಬೆಲೆಯೂ ಅಂಚೆಯ ವೆಚ್ಚವೂ ಏರಿರುವ ಈ ದಿನಗಳಲ್ಲಿ ಒಂದು ವಾಕ್ಯಕ್ಕಾಗಿ ಇಷ್ಟು ಹಣವನ್ನು ಬಿಡಬಾರದೆಂದು ನಮ್ಮ ತರುಣ ಸದಸ್ಯರು ಹೇಳುವುದು ನ್ಯಾಯವಾಗಿಯೇ ಇದೆ. ಅವರು ಜಗದೀಶಚಂದ್ರರ ಉದಾಹರಣೆಯನ್ನೂ ಕೊಡಬಹುದು.

ನನ್ನ ಅಭಿಪ್ರಾಯದಲ್ಲಿ ಮೊದಲನೆಯ ಕೋರಿಕೆಯನ್ನು ಸಂತೋಷದಿಂದ ಒಪ್ಪಬೇಕು. ಹೆಸರನ್ನು ಬೇಕಾದರೆ ಮುಖಪುಟದಲ್ಲಿಯೇ ದಪ್ಪಕ್ಷರದಲ್ಲಿ ಹಾಕೋಣ. ಹಿಂದಿನ ರಕ್ಷಾಪುಟದಲ್ಲಿ ಅವರ ಪದಾರ್ಥದ ಗುಣಗಳನ್ನು, ಸುತ್ತ ಗೆರೆಯೆಳೆದು, ಮೇಲೆ ಜಾಹೀರಾತೆಂದು ಬರೆದು, ಅವರಿಗೆ ಇಷ್ಟವಾದಷ್ಟು ಹೊಗಳಿಸೋಣ. ಅರಿಕೇಸರಿಗೆ ಪಂಪನು ಕೊಟ್ಟ ಮರ್ಯಾದೆಯನ್ನು ಅವರಿಗೂ ಕೊಡಲು ನಾವು ಹಿಂಜರಿಯಬೇಕಾದುದಿಲ್ಲ. ಎರಡನೆಯ ಕೋರಿಕೆಯನ್ನು ಮಾತ್ರ ಒಪ್ಪಕೂಡದು. "ಸಹಜವಾಗಿ" ಎಂಬ ಆ ಒಂದು ಪದವನ್ನು ನಿಬಂಧನೆಯಿಂದ ತೆಗೆಯಲು ಅವರು ಸಮ್ಮತಿಸದಿದ್ದರೆ, ಬೇರೆ ಏರ್ಪಾಡನ್ನು ಮಾಡಿಕೊಳ್ಳಬೇಕು. ಪ್ರತಿಯೊಬ್ಬ ಸದಸ್ಯನೂ ವಾರ್ಷಿಕ ಚಂದಾದೊಡನೆ ನೂರು ರೂಪಾಯಿಗಳ ವಂತಿಗೆಯನ್ನು ಸ್ಪರ್ಧೆಗೆಂದು ಬೇರೆಯಾಗಿ ಕಟ್ಟಿದರೆ, ಮೂರು ಬಹುಮಾನಗಳಿಗೂ ಅಚ್ಚಿನ ಖರ್ಚಿಗೂ ಸಾಕಾಗುವುದೆಂದು ನಮ್ಮ ಕೋಶಾಧ್ಯಕ್ಷರು ಲೆಕ್ಕ ಹಾಕಿ ತಿಳಿಸಿರುವರು. ವಿಷಯವು ಬರುವ ಸರ್ವಸದಸ್ಯರ ಸಭೆಯ ಮುಂದೆ ಬರಲಿರುವುದರಿಂದ, ಸಭೆಗೆ ಬರಲಾರದ ಸದಸ್ಯರು ತಮ್ಮ ಅಭಿಪ್ರಾಯವನ್ನು ಕಾರ್ಯದರ್ಶಿಗಳಿಗೆ ಪತ್ರಮುಖೇನ ತಿಳಿಸಬಹುದು.